ಮಾರುತನನ್ನು ಕಟ್ಟಿದ ಪರದೇಶಿಗಳು

ನಮ್ಮ ವಿಜಯಪುರ ಕಡೆಯ ಹೊನವಾಡದ ದ್ರಾಕ್ಷಿ ತೋಟಕ್ಕೆ ಹೋದವರು ಗೊನೆ ನೋಡಿ ಬಾಯಲ್ಲಿ ನೀರೂರಿಸಿಕೊಂಡು ಬರುತ್ತಾರೆ. ಬಗ್ಗಿ ಬುಡ ನೋಡುವವರು ಕಡಿಮೆ. ನೆಲದಿಂದ ಸ್ವಲ್ಪ ಮೇಲೆ ಬಳ್ಳಿಗೊಂದು ಗಂಟು ಇರುತ್ತದೆ. ಗಂಟಿನ ಕೆಳಗಿರುವುದು ಡಾಗ್ರಿಜ್, ಅಮೆರಿಕದ ಟೆಕ್ಸಾಸ್ ಸೀಮೆಯ ಕಾಡುಬಳ್ಳಿ. ಬರ ತಡೆಯುತ್ತದೆ, ಸವಳು ನೀರನ್ನೂ ಸಹಿಸುತ್ತದೆ. ಮೇಲಿರುವುದು ಥಾಮ್ಸನ್, ಅದರ ಮೂಲ ತುರ್ಕಿ-ಇರಾನಿನ ಕಡೆ. ಎರಡನ್ನೂ ಕಸಿ ಕಟ್ಟಿ ಟಿಕೋಟಾ, ಬಾಬಾನಗರ, ಬಿಜ್ಜರಗಿ, ಹೊನವಾಡದ ಮಡ್ಡಿಯಲ್ಲಿ ನಿಲ್ಲಿಸಿದ್ದಾರೆ. ಹಣ್ಣು ಒಣಗಿ ಮಣೂಕವಾಗಿ ತಾಸಗಾಂವ, ಸಾಂಗ್ಲಿ ಪೇಟೆಗೆ ಹೋಗುತ್ತದೆ. "ಬುಡ ಒಂದು ದೇಶದ್ದು, ತುದಿ ಒಂದು ದೇಶದ್ದು. ಸಾಲ ಅಷ್ಟ ನಮ್ಮೂರಿಂದು ನೋಡ್ರಿ" ಎಂದರು ತೋಟದ ಕಾಕಾ.

ಅವರ ಮನೆಯ ಮದುವೆ ಜವಳಿಗೆಂದು ಗಾಂಧಿನಗರಕ್ಕೆ ಹೊರಟ ಗಾಡಿಯಲ್ಲಿ ನನಗೂ ಒಂದು ಸೀಟು ಸಿಕ್ಕಿತ್ತು. ನಮ್ಮ ಸೀಮೆಯವರಿಗೆ ಗಾಂಧಿನಗರ ಅಂದರೆ ಬೆಂಗಳೂರಿನದಲ್ಲ, ಕೊಲ್ಹಾಪುರದ ಪಕ್ಕದ್ದು. ತೆಲಸಂಗ, ಅಥಣಿ, ಕಾಗವಾಡ, ಮಿರಜ ದಾಟಿಕೊಂಡು ಹೋಗಬೇಕು. ದಾರಿಯುದ್ದಕ್ಕೂ ಬೋರ್ಡುಗಳು ಕನ್ನಡದಿಂದ ಮರಾಠಿಗೆ ತಿರುಗುತ್ತವೆ. ಜನರ ಮಾತು ಮಾತ್ರ ಬಹಳ ದೂರದವರೆಗೆ ಎರಡೂ ಆಗಿರುತ್ತದೆ. ಗಾಂಧಿನಗರ ಸಗಟು ಬಟ್ಟೆಯ ಪೇಟೆ. ಸೀರೆಯ ರಾಶಿ, ಪ್ಯಾಂಟಿನ ಥಾನು, ಹೊದಿಕೆಯ ಗಂಟು. ಅಂಗಡಿಕಾರರಲ್ಲಿ ಬಹಳ ಜನ ಸಿಂಧಿಗಳು, ದೇಶ ಒಡೆದಾಗ ಕರಾಚಿ ಕಡೆಯಿಂದ ಓಡಿಬಂದವರ ಮಕ್ಕಳು ಮೊಮ್ಮಕ್ಕಳು. "ಬರ್ರಿ ಅಕ್ಕಾರ, ಕುಂದರ್ರಿ" ಎನ್ನುವಷ್ಟು ಕನ್ನಡ ಅವರಿಗೆ ಬರುತ್ತದೆ. ಜವಳಿ ಕಟ್ಟಿಸುವ ಹೆಂಗಸರಿಗೆ ಅಷ್ಟು ಸಾಕು, ಮುಂದಿನದು ಚೌಕಾಸಿ. ಅದಕ್ಕೆ ಭಾಷೆ ಬೇಕಿಲ್ಲ.

ಆದರೆ ಈ ಜಾಗ ಸಿಂಧಿಗಳಿಗಾಗಿ ಕಟ್ಟಿದ್ದಲ್ಲ. ಇದರ ಹಳೆಯ ಹೆಸರು ವಳಿವಡೆ; ಮಿರಜ-ಕೊಲ್ಹಾಪುರ ರೈಲುದಾರಿಯ ಸಣ್ಣ ನಿಲ್ದಾಣಕ್ಕೆ ಇವತ್ತಿಗೂ ಅದೇ ಹೆಸರು. 1943ರಲ್ಲಿ ಇಲ್ಲಿ ಪೋಲೆಂಡಿನ ಜನ ಬಂದಿಳಿದರು. ಸುಮಾರು 5,000 ಮಂದಿ, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. 1939ರಲ್ಲಿ ಪಶ್ಚಿಮದಿಂದ ಹಿಟ್ಲರನ ಸೈನ್ಯ, ಪೂರ್ವದಿಂದ ಸೋವಿಯತ್ ಸೈನ್ಯ ಪೋಲೆಂಡನ್ನು ಹಂಚಿಕೊಂಡವು. ಪೂರ್ವದ ಪಾಲಿಗೆ ಸಿಕ್ಕವರಲ್ಲಿ ಬಹಳ ಜನರನ್ನು ಸೋವಿಯತ್ ಸರ್ಕಾರ ರೈಲಿಗೆ ತುಂಬಿ ಸೈಬೀರಿಯಾಕ್ಕೆ, ಕಜಾಕಿಸ್ತಾನಕ್ಕೆ ಅಟ್ಟಿತು. 1941ರಲ್ಲಿ ಹಿಟ್ಲರ್ ರಷ್ಯಾದ ಮೇಲೂ ತಿರುಗಿ ಬಿದ್ದಾಗ ಇವರಿಗೆ ಬಿಡುಗಡೆ. ಗಂಡಸರು ಹೊಸ ಪೋಲಿಷ್ ಸೈನ್ಯಕ್ಕೆ ಸೇರಿದರು, ಸಂಸಾರಗಳು ಇರಾನ್ ದಾಟಿ ಹಿಂದುಸ್ತಾನಕ್ಕೆ ಬಂದವು. ಸೈಬೀರಿಯಾದ ಹಿಮದಿಂದ ಪಂಚಗಂಗೆಯ ದಂಡೆಗೆ! ಇಲ್ಲಿ ಸಾಲು ಬ್ಯಾರಕ್ಕು, ಶಾಲೆ, ಚರ್ಚು, ಸ್ಕೌಟು, ನಾಟಕ ಎಲ್ಲ ಶುರುವಾದವು. ಐದು ವರ್ಷ ಕಬ್ಬಿನ ಗದ್ದೆಗಳ ನಡುವೆ ಒಂದು ಪೋಲಿಷ್ ಊರು ಬದುಕಿತು.

1948ರ ಹೊತ್ತಿಗೆ ಶಿಬಿರ ಖಾಲಿ. ಅವರು ಇಂಗ್ಲೆಂಡ್, ಆಫ್ರಿಕಾ ಅಂತ ಹಂಚಿಹೋದರು, ಅದೇ ಬ್ಯಾರಕ್ಕುಗಳಿಗೆ ಸಿಂಧಿಗಳು ಬಂದರು. ಒಂದು ಯುದ್ಧದ ನಿರಾಶ್ರಿತರು ಎದ್ದ ಹಾಸಿಗೆಯಲ್ಲಿ ಒಂದು ವಿಭಜನೆಯ ನಿರಾಶ್ರಿತರು ಮಲಗಿದರು. ಹೋಗದೆ ಉಳಿದವಳೊಬ್ಬಳ ಕತೆಯನ್ನು ಕೊಲ್ಹಾಪುರದಲ್ಲಿ ಈಗಲೂ ಹೇಳುತ್ತಾರೆ: ಊರಿನ ತರುಣನನ್ನು ಮದುವೆಯಾಗಿ ಇಲ್ಲೇ ಸಂಸಾರ ಹೂಡಿದ ಪೋಲಿಷ್ ಹುಡುಗಿ. ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಪೋಲಿಷ್ ಜನ ನಿಲ್ಲಿಸಿದ ನೆನಪಿನ ಕಂಬವೂ ಇದೆ. ಜವಳಿ ಗಂಟು ಗಾಡಿಗೆ ಏರುವಾಗ ಇದನ್ನೆಲ್ಲ ಕಾಕಾನ ಮುಂದೆ ಹೇಳಿದೆ. "ಹಂಗಾರ ಜರ್ಮನ್ನರ ಕಾಟಕ್ಕ ಇವರು ಇಲ್ಲಿಗೆ ಬಂದ್ರು. ಜರ್ಮನ್ನರು ಎಲ್ಲಿಗೆ ಹೋದ್ರು ಮತ್ತ?" ಎಂದು ಕೇಳಿದರು.

ಜರ್ಮನ್ನರು ಬೆಂಗಳೂರಿಗೆ ಬಂದರು! ಎಲ್ಲರೂ ಅಲ್ಲ, ಕೆಲವರು. ಕಾಕಾನ ಗಾಡಿ ಹೊನವಾಡಕ್ಕೆ ಹೊರಳಿತು, ನಾನು ಕೊಲ್ಹಾಪುರದಲ್ಲೇ ಇಳಿದು ಬೆಂಗಳೂರಿನ ಬಸ್ಸು ಹಿಡಿದೆ.

ನಿಪ್ಪಾಣಿ ದಾಟಿದ ಮೇಲೆ ಸಂಕೇಶ್ವರ ಬರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಗಡಹಿಂಗ್ಲಜ್ ದಾರಿ. ಕನ್ನಡ-ಮರಾಠಿ ಒಂದೇ ಬಾಯಲ್ಲಿ ಆಡುವ ಆ ತಾಲ್ಲೂಕಿನ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದವರು ವಿಷ್ಣು ಮಾಧವ ಘಾಟಗೆ. ಹಳ್ಳಿಯ ಹುಡುಗ ಜರ್ಮನಿಯ ಗ್ಯೋಟಿಂಗನ್‌ಗೆ ಹೋಗಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ 1936ರಲ್ಲಿ ಡಾಕ್ಟರೇಟ್ ಮಾಡಿದರು. ಪ್ರಾಂಟ್ಲ್ ಅಂದರೆ, ಹಾರುವ ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯುವ ತೆಳು ಗಾಳಿಪದರದ ಲೆಕ್ಕವನ್ನು 1904ರಲ್ಲೇ ಬಿಡಿಸಿಟ್ಟ ಮನುಷ್ಯ. ಇವತ್ತಿನ ಯಾವ ವಿಮಾನವೂ ಆ ಲೆಕ್ಕ ಬಿಟ್ಟು ಏಳುವುದಿಲ್ಲ. ಘಾಟಗೆ ಮರಳಿ ಬಂದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರದ ವಿಭಾಗ ಕಟ್ಟಿದರು, ಆಮೇಲೆ ಅಲ್ಲಿಯ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ರೂಪಿಸಿದರು. ಅದು 1951ರಲ್ಲಿ ಹಾರಿತು. ಎಚ್‌ಎಎಲ್‌ನ ಹುಟ್ಟೂ ನಮ್ಮ ಕಡೆಯವರದೇ ಕೆಲಸ. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಅದನ್ನು ಶುರುಮಾಡಿದ ವಾಲಚಂದ ಹಿರಾಚಂದ ಸೊಲ್ಲಾಪುರದವರು. ವಿಜಯಪುರದ ಪಕ್ಕದ ಊರಿನ ಸೇಠ್, ಗಡಹಿಂಗ್ಲಜ್ ಸೀಮೆಯ ಪಂಡಿತ. ಬೆಂಗಳೂರಿನ ಆಕಾಶಕ್ಕೆ ಬಯಲುಸೀಮೆಯ ಋಣ ಎಷ್ಟಿದೆ ಅಂತ ಬೆಂಗಳೂರಿನವರಿಗೆ ಗೊತ್ತಿಲ್ಲ, ಇರಲಿ.

ಬೆಂಗಳೂರಿನಲ್ಲಿ ಹಳೆಯ ಮದ್ರಾಸು ರಸ್ತೆಯಿಂದ ಹಳೆಯ ವಿಮಾನ ನಿಲ್ದಾಣದ ಕಡೆ ತಿರುಗುವ ದಾರಿಗೆ ಸುರಂಜನ್ ದಾಸ್ ರಸ್ತೆ ಅಂತ ಹೆಸರು. ಆಟೋದವನಿಗೆ ಆ ಹೆಸರು ಟ್ರಾಫಿಕ್ಕಿನ ತಲೆನೋವು. ಅವರು ಯಾರು ಅಂತ ಕೇಳಿದರೆ "ಯಾರೋ ಬಂಗಾಳಿ ಎಂಎಲ್‌ಎ ಇರಬೇಕು ಸಾರ್" ಅಂದ. ಎಚ್‌ಎಎಲ್ ಪಾರಂಪರಿಕ ವಸ್ತುಸಂಗ್ರಹಾಲಯದ ಅಂಗಳಕ್ಕೆ ಬಂದರೆ ಆ ಹೆಸರಿನ ಬೆಲೆ ಗೊತ್ತಾಗುತ್ತದೆ. ಅಲ್ಲಿ ಬಯಲಲ್ಲಿ ನಿಂತಿದೆ ಮಾರುತ ಎಂಬ ಯುದ್ಧವಿಮಾನ, ಎಚ್‌ಎಫ್-24. ಮೂಗು ಚೂಪು, ರೆಕ್ಕೆ ಹಿಂದಕ್ಕೆ ಬಾಗಿದ್ದು, ಮೈ ನಡುವೆ ಕಿರಿದಾಗಿ ಮತ್ತೆ ಅಗಲವಾಗುತ್ತದೆ. ಇದಕ್ಕಿಂತ ಚೆಂದದ ಯಂತ್ರವನ್ನು ನಾನು ನೋಡಿಲ್ಲ, ಕೊಲ್ಲಲಿಕ್ಕೆ ಮಾಡಿದ್ದು ಅನ್ನುವುದನ್ನು ಮರೆತರೆ. ಶಾಲೆಯ ಮಕ್ಕಳು ಅದರ ಹೊಟ್ಟೆಯ ಕೆಳಗೆ ತೂರಿ ಆ ಕಡೆ ಹೋಗುತ್ತಿದ್ದರು. ಕಾವಲಿನವನು ಶಿಳ್ಳೆ ಹಾಕುತ್ತಿದ್ದ.

ಇದನ್ನು ರೂಪಿಸಿದವನು ಕುರ್ಟ್ ಟ್ಯಾಂಕ್. 1898ರಲ್ಲಿ ಬ್ರೋಂಬರ್ಗಿನಲ್ಲಿ ಹುಟ್ಟಿದ. ಮೊದಲ ಮಹಾಯುದ್ಧ ಮುಗಿದು ಗಡಿಗಳು ಬದಲಾದಾಗ ಆ ಊರೇ ಪೋಲೆಂಡಿಗೆ ಹೋಯಿತು. ಈಗ ಅದು ಬಿಡ್‌ಗೋಷ್ಚ್. ಟ್ಯಾಂಕ್ ಮೊದಲ ಯುದ್ಧದಲ್ಲಿ ಕುದುರೆ ಸವಾರ, ಆಮೇಲೆ ಇಂಜಿನಿಯರ್, ತಾನು ಗೀಚಿದ ವಿಮಾನವನ್ನು ತಾನೇ ಹಾರಿಸುವ ಪೈಲಟ್ ಕೂಡ. ಬ್ರೇಮನ್‌ನ ಫೋಕೆ-ವುಲ್ಫ್ ಕಂಪನಿಯಲ್ಲಿ ಆತ ಮಾಡಿದ ಕೊಂಡೋರ್ 1938ರಲ್ಲಿ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹಾರಿತು. ಆತನದೇ ಎಫ್‌ಡಬ್ಲ್ಯು-190 ಹಿಟ್ಲರನ ವಾಯುಸೇನೆಯ ಮುಖ್ಯ ಹೋರಾಟದ ವಿಮಾನಗಳಲ್ಲೊಂದು, 20,000ಕ್ಕೂ ಹೆಚ್ಚು ತಯಾರಾದವು. ಅಷ್ಟೊಂದು ಹೇಗೆ ತಯಾರಾದವು ಅಂದರೆ, ಹಿಟ್ಲರ್ ಗೆದ್ದುಕೊಂಡ ದೇಶಗಳಿಂದ ಹಿಡಿದು ತಂದ ಬಲವಂತದ ಕೂಲಿಗಳನ್ನು ಆ ಕಾರ್ಖಾನೆಗಳು ದುಡಿಸಿಕೊಂಡವು. ವಳಿವಡೆಯಿಂದ ನೇರ ಇಲ್ಲಿಗೆ ಬಂದವನಿಗೆ ಈ ವಾಕ್ಯ ಸುಲಭವಾಗಿ ನುಂಗಿ ಹೋಗುವುದಿಲ್ಲ.

1945ರಲ್ಲಿ ಜರ್ಮನಿ ಸೋತಿತು. ಪೂರ್ವ ಯುರೋಪಿನಿಂದ ಒಂದು ಕೋಟಿಗೂ ಮೀರಿ ಜರ್ಮನ್ನರು ಮನೆ ಬಿಟ್ಟು ಓಡಿಬಂದರು. ಲಕ್ಷಾಂತರ ಜನ ಮುಂದೆ ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಸೇರಿದರು. ಗೆದ್ದ ದೇಶಗಳು ಜರ್ಮನಿಯಲ್ಲಿ ವಿಮಾನ ಕಟ್ಟುವುದನ್ನೇ ನಿಷೇಧಿಸಿದ್ದವು, 1955ರವರೆಗೂ. ವಿಮಾನ ಬಿಟ್ಟು ಬೇರೆ ಕಸುಬು ಗೊತ್ತಿಲ್ಲದವರು ಏನು ಮಾಡಬೇಕು? ವೆರ್ನರ್ ಫಾನ್ ಬ್ರೌನ್ ಅವರಂಥವರನ್ನು ಅಮೆರಿಕ ಎತ್ತಿಕೊಂಡು ಹೋಯಿತು, ಇನ್ನು ಕೆಲವರನ್ನು ರಷ್ಯಾ. ಟ್ಯಾಂಕ್ 1947ರಲ್ಲಿ ಪೇದ್ರೊ ಮಾತಿಸ್ ಎಂಬ ಸುಳ್ಳು ಹೆಸರಿನಲ್ಲಿ ಅರ್ಜೆಂಟೀನಾಕ್ಕೆ ಹೋದ. ಜೊತೆಗಾರರು ಹಿಂದೆಯೇ ಬಂದರು. ಕಾರ್ದೋಬಾ ಎಂಬ ಊರಿನಲ್ಲಿ ಅಧ್ಯಕ್ಷ ಪೆರೋನ್‌ಗಾಗಿ ಪುಲ್ಕಿ-2 ಎಂಬ ಜೆಟ್ ಕಟ್ಟಿದರು. 1951ರಲ್ಲಿ ಟ್ಯಾಂಕ್ ತಾನೇ ಅದನ್ನು ಬ್ಯೂನಸ್ ಐರಿಸ್ ಮೇಲೆ ಹಾರಿಸಿ ತೋರಿಸಿದ. 1955ರಲ್ಲಿ ಪೆರೋನ್ ಬಿದ್ದ. ಜರ್ಮನ್ನರ ಕೆಲಸವೂ ಬಿತ್ತು. ಅದೇ ಹೊತ್ತಿಗೆ ನೆಹರೂ ಸರ್ಕಾರ ಸ್ವಂತ ಯುದ್ಧವಿಮಾನ ಬೇಕು, ಶಬ್ದದ ಎರಡರಷ್ಟು ವೇಗದ್ದೇ ಬೇಕು ಎಂದು ಹಟ ಹಿಡಿದಿತ್ತು. 1956ರ ಆಗಸ್ಟಿನಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದ. ವಯಸ್ಸು 58. ಒಟ್ಟು 18 ಜರ್ಮನ್ ಇಂಜಿನಿಯರುಗಳು.

ಆ ಗುಂಪಿನ ಯಾವುದೋ ಒಂದು ದಂಪತಿಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಹೆಸರು ಬೇಡ, ಇದು ನನ್ನ ಊಹೆಯೇ. ಬಾಂಬು ಬಿದ್ದ ಬ್ರೇಮನ್‌ನಲ್ಲಿ ಆಲೂಗಡ್ಡೆಗೆ ಸರದಿ ನಿಂತ ಹೆಂಗಸು. ಕಾರ್ದೋಬಾದಲ್ಲಿ ಸ್ಪ್ಯಾನಿಷ್ ಕಲಿತು, ಕಟುಕನ ಅಂಗಡಿಯವನ ಜೊತೆ ಜಗಳ ಆಡುವ ಮಟ್ಟಿಗೆ ಬಂದಿದ್ದಾಳೆ. ಅಷ್ಟರಲ್ಲಿ ಗಂಡ ಬಂದು "ಗಂಟು ಕಟ್ಟು, ಇಂಡಿಯಾ" ಅನ್ನುತ್ತಾನೆ. ಇಲ್ಲಿ ಬಂದರೆ ತೊಗಟೆ ಗಟ್ಟಿಯಾದ ಕಪ್ಪು ಬ್ರೆಡ್ಡು ಇಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಉರ್ದು, ತಮಿಳು, ಕನ್ನಡ ಮೂರೂ ಕೂಡಿದ ಗದ್ದಲ. ಡಿಸೆಂಬರಿನಲ್ಲಿ ಹಿಮದ ಬದಲು ಗುಲ್‌ಮೊಹರಿನ ಒಣ ಕಾಯಿ. ಸಮಾಧಾನಕ್ಕೆ ಇದ್ದದ್ದು ಆ ಕಾಲದ ಬೆಂಗಳೂರಿನ ತಂಪು, ಸಮುದ್ರದಿಂದ 900 ಮೀಟರ್ ಎತ್ತರದ ಗಾಳಿ. ಗಂಡನಿಗೆ ಹಲಗೆ, ಪೆನ್ಸಿಲ್, ಲೆಕ್ಕ ಸಿಕ್ಕರೆ ಅದೇ ದೇಶ. ಹೆಂಡತಿಗೆ ಪ್ರತಿ ಸಲ ಮೊದಲಿನಿಂದ ಶುರು. ನಮ್ಮ ಟಿಕೋಟಾ ಕಡೆಯ ತಾಂಡಾಗಳಿಂದ ವರ್ಷವರ್ಷ ಕಬ್ಬು ಕಡಿಯಲು ಗಂಟು ಕಟ್ಟುವ ಹೆಂಗಸರನ್ನು ಕೇಳಿದರೆ ಇದರ ಅರ್ಧ ಹೇಳಿಯಾರು.

ಕೆಲಸದ ಜಾಗದಲ್ಲಿ ಈ ಜರ್ಮನ್ನರನ್ನು ಎದುರುಗೊಂಡವರು ಘಾಟಗೆ. ಜರ್ಮನ್ ವಿಮಾನಶಾಸ್ತ್ರವನ್ನು ಅದರ ತವರಿನಲ್ಲೇ ಕಲಿತು ಬಂದ ಹಳ್ಳಿಯವರು ಆ ಮನೆಯ ಯಜಮಾನರಾಗಿ ಕಾದಿದ್ದರು ಅನ್ನುವುದು ನನಗೆ ಇಡೀ ಕತೆಯಲ್ಲಿ ಬಹಳ ರುಚಿಸಿದ ಭಾಗ. ಉಳಿದಂತೆ ಅಲ್ಲಿ ಅನುಭವಿ ವಿನ್ಯಾಸಕಾರರು ಬೆರಳೆಣಿಕೆಯಷ್ಟು. ತರುಣರನ್ನು ಕೂಡಿಸಿಕೊಂಡು ಕಲಿಸುತ್ತಲೇ ಕಟ್ಟಬೇಕಿತ್ತು. ಟ್ಯಾಂಕ್ ಒಂದು ಉಪಾಯ ಮಾಡಿದ: ಲೋಹದ ಜೆಟ್ಟಿಗೆ ಮೊದಲು ಅದೇ ಅಳತೆಯ ಮರದ ವಿಮಾನ, ಇಂಜಿನ್ ಇಲ್ಲದ್ದು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಟ್ಟಿತು. ಬಿಟ್ಟದ್ದು ತೇಲುತ್ತ ಇಳಿಯಿತು. ಹೀಗೆ 78 ಸಲ. ಜೆಟ್ ಯುಗದ ಯುದ್ಧವಿಮಾನದ ಗುಣವನ್ನು ಬಡಗಿ ಕೆಲಸದಿಂದ ಪರೀಕ್ಷೆ ಮಾಡಿದರು! ಮುರುಗೇಶಪಾಳ್ಯದ ಮೇಲೆ ಸದ್ದಿಲ್ಲದೆ ಇಳಿದುಬರುತ್ತಿದ್ದ ಆ ಮರದ ಹಕ್ಕಿಯನ್ನು ನೋಡಿದ ದನಗಾಹಿಗಳು ಏನಂದುಕೊಂಡಿರಬೇಕು!

1961ರ ಜೂನ್ 17ರಂದು ಇಂಜಿನ್ ಇರುವ ನಿಜವಾದ ಮಾರುತ ಏರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ಒಂದು ವಾರ ಬಿಟ್ಟು ರಕ್ಷಣಾ ಮಂತ್ರಿ ವಿ. ಕೆ. ಕೃಷ್ಣ ಮೆನನ್ ಎದುರು ಮತ್ತೆ ಹಾರಿಸಿದರು. ಮುಂದೆ 1970ರ ಜನವರಿಯಲ್ಲಿ ಇದೇ ಮಾರುತದ ಹೊಸ ನಮೂನೆಯನ್ನು ಪರೀಕ್ಷಿಸುವಾಗ ದಾಸ್ ಬೆಂಗಳೂರಿನಲ್ಲೇ ತೀರಿಕೊಂಡರು. ಆಟೋದವನಿಗೆ ಇದನ್ನು ಹಿಂದಿರುಗುವಾಗ ಹೇಳಬೇಕು ಅಂದುಕೊಂಡಿದ್ದೆ, ಅವನು ಸಿಗಲಿಲ್ಲ.

ಮಾರುತನ ದೇಹ ಶಬ್ದದ ಎರಡರಷ್ಟು ವೇಗಕ್ಕೆ ಸಿದ್ಧವಾಗಿತ್ತು, ಎದೆಯಲ್ಲಿ ಅಷ್ಟು ಬಲದ ಇಂಜಿನ್ ಇರಲಿಲ್ಲ. ಟ್ಯಾಂಕ್ ನಂಬಿದ್ದ ಇಂಗ್ಲೆಂಡಿನ ಆರ್ಫಿಯಸ್-12 ಇಂಜಿನ್ ಹುಟ್ಟುವ ಮೊದಲೇ ನಿಂತುಹೋಯಿತು. ಅದನ್ನು ಮುಂದುವರಿಸುವ ಖರ್ಚು ಭಾರತ ಕೊಡಬೇಕು ಅಂದರು, ಭಾರತ ಒಪ್ಪಲಿಲ್ಲ. ಇದ್ದ ಆರ್ಫಿಯಸ್-703 ಇಂಜಿನ್ ಎರಡನ್ನು ಹಾಕಿ ಸುಧಾರಿಸಿದರು. ಶಬ್ದದ ಎರಡರಷ್ಟು ವೇಗದ ಹತ್ತಿರಕ್ಕೂ ಅದು ಹೋಗಲೇ ಇಲ್ಲ. ಹಲವು ಕಡೆ ಇಂಜಿನ್ ಹುಡುಕಿ ಸೋತವರು ಕೊನೆಗೆ ಹೋದದ್ದು ಎಲ್ಲಿಗೆ ಗೊತ್ತೆ? ಈಜಿಪ್ಟಿಗೆ. ಅಲ್ಲಿ ಕೈರೋ ಹತ್ತಿರದ ಹೆಲ್ವಾನ್‌ನಲ್ಲಿ ಫರ್ಡಿನಾಂಡ್ ಬ್ರಾಂಡ್ನರ್ ಎಂಬ ಆಸ್ಟ್ರಿಯನ್ ಇಂಜಿನಿಯರ್ ಅಧ್ಯಕ್ಷ ನಾಸೆರ್‌ಗಾಗಿ ಜೆಟ್ ಇಂಜಿನ್ ಕಟ್ಟುತ್ತಿದ್ದ. ಅವನೂ ಸೋತವರ ಪೈಕಿಯೇ. ಯುದ್ಧದ ಕೊನೆಗೆ ಸೆರೆಸಿಕ್ಕು ರಷ್ಯಾದಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿಯ ದೊಡ್ಡ ಬಾಂಬರ್ ವಿಮಾನದ ಇಂಜಿನ್‌ಗೆ ಕೈಹಚ್ಚಿ ಬಂದಿದ್ದ. 1967ರಲ್ಲಿ ಮಾರುತಕ್ಕೆ ಅವನ ಇಂಜಿನ್ ಜೋಡಿಸಿ ಹೆಲ್ವಾನ್‌ನಲ್ಲಿ ಹಾರಿಸಿ ನೋಡಿದರು. ಅರ್ಜೆಂಟೀನಾ ಸುತ್ತಿ ಬಂದ ಜರ್ಮನ್ನನ ವಿಮಾನಕ್ಕೆ ರಷ್ಯಾದ ಸೆರೆ ಕಂಡ ಆಸ್ಟ್ರಿಯನ್ನನ ಇಂಜಿನ್, ಹಾರಿಸಿದವರು ಹಿಂದುಸ್ತಾನದ ಪೈಲಟ್, ಕೆಳಗೆ ಪಿರಮಿಡ್ಡಿನ ದೇಶ! ಎರಡು ವರ್ಷಕ್ಕೆ ಆ ಯೋಜನೆಯೂ ಮುಳುಗಿತು.

ಆದರೂ 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಮಟ್ಟದ ದಾಳಿಗೆ ಹೋದವು, ಚೆನ್ನಾಗಿಯೇ ನಡೆದುಕೊಂಡವು. ವೇಗ ಕಡಿಮೆ ಅಂತ ಬೈದವರೂ ಅದು ಗಟ್ಟಿಮುಟ್ಟು ಅನ್ನುವುದನ್ನು ಒಪ್ಪಿದರು. ಮಾರುತ ಸೋತ ಯೋಜನೆ ಅನ್ನುವ ತೀರ್ಪು ನನಗೆ ಅರ್ಧ ಮಾತ್ರ ಸರಿ ಕಾಣುತ್ತದೆ. ಇಂಜಿನ್ ಕೊಡಲಾಗದ್ದು ನಾವು. ಅದನ್ನು ವಿಮಾನದ ಮೇಲೆ ಹಾಕುವುದು ನ್ಯಾಯವಲ್ಲ.

ವಿಜಯಪುರದ ಕಡೆಯವನು ಇಂಥ ಜಾಗದಲ್ಲಿ ನಿಂತರೆ ಶೇರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪು ನೆನಪಾಗದೆ ಇರುವುದಿಲ್ಲ. 55 ಟನ್ ತೂಕದ ಮಿಶ್ರಲೋಹ, ಆನೆಯನ್ನು ಜಗಿಯುವ ಸಿಂಹದ ಬಾಯಿ. ಬಿಸಿಲಲ್ಲೂ ಮುಟ್ಟಿದರೆ ತಣ್ಣಗೆ ಅಂತ ಗೈಡುಗಳು ಕೈ ಹಿಡಿದು ಮುಟ್ಟಿಸುತ್ತಾರೆ. 1549ರಲ್ಲಿ ಅಹ್ಮದನಗರದಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ತುರ್ಕಿ ಸೀಮೆಯಿಂದ ಬಂದು ಅಲ್ಲಿಯ ನಿಜಾಮಶಾಹಿ ಸುಲ್ತಾನನ ಚಾಕರಿ ಹಿಡಿದವನು. ತಾಳಿಕೋಟೆಯ ಕಾಳಗದಲ್ಲಿ ಅದು ಗುಡುಗಿತು ಅಂತ ಜನ ಹೇಳುತ್ತಾರೆ. ಬ್ರಿಟಿಷರ ಕಾಲಕ್ಕೆ 1854ರಲ್ಲಿ ಅದನ್ನು ಹರಾಜಿಗೆ ಇಟ್ಟರೆ ಬಂದ ಸವಾಲು 150 ರೂಪಾಯಿ. ಮಾರದೆ ಬಿಟ್ಟದ್ದು ನಮ್ಮ ಪುಣ್ಯ. ನಾಲ್ಕು ಶತಮಾನದ ಅಂತರದಲ್ಲಿ ನಿಜಾಮಶಾಹಿ ಸುಲ್ತಾನನೂ ನೆಹರೂ ಸರ್ಕಾರವೂ ಬಂದ ಪರದೇಶಿಯನ್ನು ಕೇಳಿದ್ದು ಒಂದೇ: ಏನು ಮಾಡಬಲ್ಲೆ? ಏನು ಮಾಡಿದ್ದೆ ಅಂತ ಇಬ್ಬರೂ ಕೇಳಲಿಲ್ಲ. ವಳಿವಡೆಯ ಹೆಂಗಸರು-ಮಕ್ಕಳನ್ನು ಎರಡೂ ಕೇಳಲಿಲ್ಲ, ಕೂಳು ಕೊಟ್ಟು ಮಲಗಲು ಜಾಗ ಕೊಟ್ಟರು. ಒಂದೇ ನೆಲದ ಈ ಎರಡು ಬಗೆಯ ಅತಿಥಿ ಸತ್ಕಾರ ನನ್ನ ತಲೆಯಲ್ಲಿ ಇನ್ನೂ ಒಂದಕ್ಕೊಂದು ಹೊಂದಿಕೊಂಡಿಲ್ಲ. ಒಂದರ ಬಗ್ಗೆ ಹೆಮ್ಮೆ ಪಡುವುದು ಸುಲಭ. ಇನ್ನೊಂದರಿಂದ ನಮಗೆ ಲಾಭವಾಯಿತು. ಮಾರುತ ಕಟ್ಟಿದ ತರುಣರೇ ಮುಂದೆ ನಮ್ಮ ವಿಮಾನ ಕಾರ್ಖಾನೆಗಳ ಹಿರಿಯರಾದರು.

ಟ್ಯಾಂಕ್ 1967ರಲ್ಲಿ ಎಚ್‌ಎಎಲ್ ಬಿಟ್ಟ. ಮತ್ತೆ ಜರ್ಮನಿಗೇ ಹೋಗಿ ನೆಲೆಸಿದ, 1983ರಲ್ಲಿ ಮ್ಯೂನಿಕ್ಕಿನಲ್ಲಿ ಸತ್ತ. ಅರ್ಜೆಂಟೀನಾದ ಒಂಬತ್ತು ವರ್ಷ, ಬೆಂಗಳೂರಿನ ಹನ್ನೊಂದು ವರ್ಷ ಮುಗಿಸಿ ಹೋದವನು ಹುಟ್ಟಿದೂರಿಗೆ ಹೋಗುವಂತಿರಲಿಲ್ಲ; ಅದು ಬೇರೆಯವರ ದೇಶವಾಗಿತ್ತು. ಮ್ಯೂನಿಕ್ಕಿನ ಹೊರಗೆ ಶ್ಲೈಸ್‌ಹೈಮ್ ಅಂತ ಹಳೆಯ ವಿಮಾನ ನಿಲ್ದಾಣವಿದೆ, ಈಗ ಅಲ್ಲಿ ಡಾಯ್ಚಸ್ ಮ್ಯೂಸಿಯಮ್ಮಿನ ವಿಮಾನ ಸಂಗ್ರಹ. ಬೆಂಗಳೂರಿನಲ್ಲಿ ಕಟ್ಟಿದ ಒಂದು ಮಾರುತ ಅಲ್ಲಿಯೂ ನಿಂತಿದೆ. ಅದನ್ನು ನೋಡಲು ವೀಸಾ ಬೇಕು, ಸೊಲ್ಲಾಪುರ ಪ್ಯಾಸೆಂಜರ್ ಅಲ್ಲಿಗೆ ಹೋಗುವುದಿಲ್ಲ. ಆದರೂ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಿ. "ಈ ಸಲ ಮಣೂಕಕ್ಕ ರೇಟ್ ಬಂದ್ರ ನಾನೂ ಬರ್ತೀನ್ರಿ" ಅಂತ ಕಾಕಾ ಫೋನಿನಲ್ಲಿ ಹೇಳಿದ್ದಾರೆ.